ರೈಟ್ರ ಮಾತ್ರೆ ನಿಂತ ಮೇಲೆ: ಒಂದು ಮೆಡಿಕಲ್ ಅಂಗಡಿಯ ಪ್ರಕರಣ

2024ರ ಅಕ್ಟೋಬರ್ ಕೊನೆಯ ವಾರ. ಚಿಕ್ಕಮಗಳೂರಿನಲ್ಲಿ ಸಂಜೆ ಮಳೆ ಇನ್ನೂ ಬಿಟ್ಟಿರಲಿಲ್ಲ. ಒದ್ದೆ ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ ರೈಟ್ರು ಅಂಗಡಿಗೆ ಬಂದರು. ಜೇಬಿನಿಂದ ಒಂದು ಮಾತ್ರೆ ಶೀಟು ತೆಗೆದು ಕೌಂಟರ್ ಮೇಲಿಟ್ಟರು. ಹತ್ತು ಗೂಡು, ಹತ್ತೂ ಖಾಲಿ.

"ಎಂ.ಜಿ. ರೋಡು, ಐ.ಜಿ. ರೋಡು ಎಲ್ಲಾ ಸುತ್ತಿ ಬಂದೆ ಮಾರಾಯ್ತಿ. ಎಲ್ಲೂ ಇಲ್ಲ ಅಂತಾರೆ. ನಿನ್ನ ಹತ್ರ ಒಂದೈದು ಶೀಟು ಇದ್ರೆ ಕೊಟ್ಬಿಡು. ಕೊಯ್ಲು ಶುರುವಾಗೋದ್ರೊಳಗೆ ಇಟ್ಕೋಬೇಕು."

ನನ್ನ ಹತ್ತಿರವೂ ಇರಲಿಲ್ಲ. ಇದ್ದ ಕೊನೆಯ ಡಬ್ಬವನ್ನು ಸೆಪ್ಟೆಂಬರ್‌ನಲ್ಲೇ ಡಿಸ್ಟ್ರಿಬ್ಯೂಟರ್‌ಗೆ ವಾಪಸ್ ಕಳಿಸಿದ್ದೆ. ಹಾಗೆಂದು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಹನ್ನೊಂದು ವರ್ಷದಿಂದ ನುಂಗುತ್ತಿದ್ದ ಮಾತ್ರೆ ಅದು.

ರೈಟ್ರು ಅಂದರೆ ಕಥೆ ಬರೆಯುವವರಲ್ಲ. ಕಾಫಿ ತೋಟದಲ್ಲಿ ಆಳುಗಳ ಚೆಕ್‌ರೋಲ್ (ಹಾಜರಿ ಪುಸ್ತಕ) ಬರೆದು, ಕೆಲಸ ಹಂಚಿ, ಲೆಕ್ಕ ನೋಡುವವರಿಗೆ ನಮ್ಮ ಕಡೆ ರೈಟರ್ ಅನ್ನುತ್ತಾರೆ. ಇವರಿಗೆ ಐವತ್ತೊಂಬತ್ತು ವರ್ಷ. ಮಲ್ಲಂದೂರು ಕಡೆಯ ಒಂದು ತೋಟದಲ್ಲಿ ಕೆಲಸ. ಬಿಪಿಗೆ ಆಮ್ಲೋಡಿಪಿನ್ ತಗೊಳ್ಳುತ್ತಾರೆ, ಅದನ್ನೂ ನಮ್ಮಲ್ಲೇ ಒಯ್ಯುತ್ತಾರೆ. ಶುಗರ್ ಇಲ್ಲ. ಬೀಡಿ ಬಿಟ್ಟು ಬಹಳ ವರ್ಷ ಆಯಿತು. ಇರುವ ಒಂದೇ ಕಾಟ ಮೂಗು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಅಟ್ಟ, ನವೆಂಬರ್‌ನಿಂದ ಮಾರ್ಚ್‌ವರೆಗೆ ಕಣದ ಧೂಳು. ಒಂದು ಸಲ ಶುರುವಾದರೆ ಹದಿನೈದು ಇಪ್ಪತ್ತು ಸೀನು, ಆಮೇಲೆ ನೀರು, ಆಮೇಲೆ ಮೂಗು ಗಪ್ಪಂತ ಮುಚ್ಚಿಕೊಳ್ಳುತ್ತದೆ.

ಈ ಪ್ರಕರಣವನ್ನು ಬರೆಯುತ್ತಿರುವುದಕ್ಕೆ ಕಾರಣವಿದೆ. ಇದರಲ್ಲಿ ನಮ್ಮ ಅಂಗಡಿಯ ತಪ್ಪೂ ಇದೆ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. "ಹೆಸ್ರು ಮಾತ್ರ ಹಾಕ್ಬೇಡ" ಅಂದರು.

ಶೀಟಿನ ಹಿಂಬದಿ

ಖಾಲಿ ಶೀಟನ್ನು ತಿರುಗಿಸಿ ಓದಿದೆ. ಮುಂದೆ ದಪ್ಪ ಅಕ್ಷರದಲ್ಲಿ ಹೆಸರು, ಹಿಂದೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಒಳಗೇನಿದೆ ಅನ್ನುವುದು. ಅಲರ್ಜಿಗೆ ಕೊಡುವ ಸೆಟಿರಿಜಿನ್ 5 ಮಿಲಿಗ್ರಾಂ, ಫಿನೈಲೆಫ್ರಿನ್ 10 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ. ಒಂದು ಮಾತ್ರೆಯಲ್ಲಿ ಮೂರು ಔಷಧಿ. ಹನ್ನೊಂದು ವರ್ಷದಲ್ಲಿ ರೈಟ್ರು ಆ ಬದಿ ಓದಿರಲಿಲ್ಲ. ಅವರ ಕನ್ನಡಕಕ್ಕೆ ಆ ಅಕ್ಷರ ಕಾಣುವುದೂ ಇಲ್ಲ.

2024ರ ಆಗಸ್ಟ್ 12ರಂದು ಕೇಂದ್ರ ಆರೋಗ್ಯ ಸಚಿವಾಲಯ ಇಂಥ 156 ಕಾಂಬಿನೇಷನ್ ಔಷಧಿಗಳನ್ನು ನಿಷೇಧಿಸಿತು. ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ 26ಎ ಕಲಂ ಇರುವುದು ಇದಕ್ಕೇ. ಈ ಮೂರರ ಕೂಡಿಕೆ ಆ ಪಟ್ಟಿಯಲ್ಲಿತ್ತು. ಸೆಟಿರಿಜಿನ್ ಬದಲು ಲಿವೊಸೆಟಿರಿಜಿನ್ ಹಾಕಿದ್ದೂ ಇತ್ತು. ಇದೇನು ಮೊದಲ ಸಲ ಅಲ್ಲ. 2016ರ ಮಾರ್ಚ್‌ನಲ್ಲಿ 344 ಕಾಂಬಿನೇಷನ್‌ಗಳ ನಿಷೇಧ ಬಂತು. ಕಂಪನಿಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ ಮತ್ತೆ ಪರಿಶೀಲಿಸಿ ಅಂದಿತು. 2018ರ ಸೆಪ್ಟೆಂಬರ್‌ನಲ್ಲಿ 328ರ ಪಟ್ಟಿ ಬಂತು. ಪ್ರತಿ ಸಲವೂ ನಮ್ಮಂಥ ಅಂಗಡಿಯವರು ಕಪಾಟು ಖಾಲಿ ಮಾಡುತ್ತೇವೆ, ಗಿರಾಕಿಗಳು ನಮ್ಮನ್ನೇ ಬೈಯುತ್ತಾರೆ.

ರೈಟ್ರಿಗೂ ಅನುಮಾನವಿತ್ತು. "ಅಗ್ಗದ ಮಾತ್ರೆ ಅಲ್ವಾ, ದುಬಾರಿದು ಮಾರಕ್ಕೆ ನಿಲ್ಲಿಸಿರ್ತಾರೆ."

ಹಾಗಲ್ಲ ಅಂತ ಹೇಳಲು ಒಂದು ಲೆಕ್ಕ ಮಾಡಿ ತೋರಿಸಿದೆ. ಅವರು ಲೆಕ್ಕದ ಮನುಷ್ಯ, ಅದೇ ಸರಿ ಅನ್ನಿಸಿತು. ವರ್ಷಕ್ಕೆ ಕಮ್ಮಿ ಅಂದರೂ 200 ಮಾತ್ರೆ. ಒಂದೊಂದರಲ್ಲಿ 325 ಮಿಲಿಗ್ರಾಂ ಪ್ಯಾರಾಸಿಟಮಾಲ್. ವರ್ಷಕ್ಕೆ 65 ಗ್ರಾಂ. "ಈ ಹನ್ನೊಂದು ವರ್ಷದಲ್ಲಿ ನಿಮಗೆ ಎಷ್ಟು ಸಲ ಜ್ವರ ಬಂದಿದೆ ರೈಟ್ರೇ?" ಸ್ವಲ್ಪ ಹೊತ್ತು ಯೋಚಿಸಿದರು. "ಎರಡು ಸಲ. ಒಂದು ಡೆಂಗಿ." ಮಿಕ್ಕ ದಿನ ಜ್ವರವಿಲ್ಲದೆಯೇ ಜ್ವರದ ಔಷಧಿ ನುಂಗಿದ್ದರು. ಆ ಪ್ರಮಾಣದಿಂದ ಲಿವರ್ ಹಾಳಾಗಿತ್ತು ಅಂತಲ್ಲ. ಆದರೆ ಬೇಕಿರಲಿಲ್ಲ ಅಲ್ವಾ?

ಎರಡನೆಯದು ಫಿನೈಲೆಫ್ರಿನ್. ಕಟ್ಟಿದ ಮೂಗು ಬಿಡಿಸುವುದು ಅದರ ಕೆಲಸ ಅಂತ ಹೆಸರು. ರಕ್ತನಾಳ ಬಿಗಿ ಮಾಡುವ ಔಷಧಿ, ಹಾಗಾಗಿ ಬಿಪಿ ಇರುವವರಿಗೆ ಹೇಳಿಸಿದ್ದಲ್ಲ. ಬಾಯಿಂದ ನುಂಗಿದರೆ ಬಹುಪಾಲು ಕರುಳಲ್ಲೇ ಮುರಿದು ಹೋಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯ 16 ಜನರೂ, ಮಾತ್ರೆಯಾಗಿ ಕೊಡುವ ಫಿನೈಲೆಫ್ರಿನ್ ಮೂಗು ಬಿಡಿಸುವುದಿಲ್ಲ ಅಂತ ಒಮ್ಮತದಿಂದ ಹೇಳಿದರು. ಅಲ್ಲಿಗೆ ಮೂರರಲ್ಲಿ ಎರಡು ಸುಮ್ನೆ. ಕೆಲಸ ಮಾಡುತ್ತಿದ್ದದ್ದು ಸೆಟಿರಿಜಿನ್ ಒಂದೇ, ಅದೂ ಅರ್ಧ ಡೋಸ್.

"ಮತ್ತೆ ತಗೊಂಡ ಅರ್ಧ ಗಂಟೆಗೆ ತಲೆಯೆಲ್ಲ ಹಗುರ ಆಗಿ ನಿದ್ದೆ ಬರ್ತಿತ್ತಲ್ಲ?" ಅಂದರು. ಬರುತ್ತಿತ್ತು, ನಿಜ. ಸೆಟಿರಿಜಿನ್ ಕೆಲವರಿಗೆ ನಿದ್ದೆ ತರಿಸುತ್ತದೆ. ಮೂಗು ಸರಿಯಾಯಿತು ಅಂತ ಅವರು ಅಂದುಕೊಂಡಿದ್ದರಲ್ಲಿ ಒಂದು ಪಾಲು ನಿದ್ದೆಯದ್ದೇ ಇರಬೇಕು.

ಇಷ್ಟೆಲ್ಲ ಮಾತಾಡುವಾಗ ಅವರು ಎಡಗೈ ಕೆರೆದುಕೊಳ್ಳುತ್ತಲೇ ಇದ್ದರು. ಮಾತ್ರೆ ಮುಗಿದು ನಾಲ್ಕು ದಿನ ಆಗಿತ್ತಂತೆ. ಚಿಗಳಿ ಇರುವೆ ಕಚ್ಚಿರಬೇಕು ಅಂದರು. ಗುಳ್ಳೆ ಇರಲಿಲ್ಲ. ನಾನೂ ಗಮನ ಕೊಡಲಿಲ್ಲ. ಈ ತುರಿಕೆ ಮುಂದೆ ಮತ್ತೆ ಬರುತ್ತದೆ.

ಮೊದಲ ಬದಲಿ

ಅಂದು ನಾನು ಕೊಟ್ಟಿದ್ದು ಬರೀ ಸೆಟಿರಿಜಿನ್ 10 ಮಿಲಿಗ್ರಾಂ, ರಾತ್ರಿ ಒಂದು. ಚೀಟಿ ಇಲ್ಲದೆ ಕೊಡಬಹುದಾದ ಔಷಧಿ ಅಂತ ನಮ್ಮ ಕಾನೂನಿನಲ್ಲಿ ಬೇರೆ ವರ್ಗವೇ ಇಲ್ಲ. ಆದರೆ ಶೀತ, ನೆಗಡಿ, ಅಲರ್ಜಿಗೆ ಜನ ಮೊದಲು ಬರುವುದು ಮೆಡಿಕಲ್‌ಗೆ. ಡಾಕ್ಟರ್ ಹತ್ತಿರ ಹೋಗಿ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಅದು ಸರಿ ಅಂತ ನಾನು ಹೇಳುತ್ತಿಲ್ಲ. ನಡೆಯುವುದು ಹೀಗೆ.

ಕೊಡುವ ಮುಂಚೆ ಪ್ರಶ್ನೆ ಕೇಳಿದೆ. ಸೀನು ಜಾಸ್ತಿಯಾ, ನೀರು ಜಾಸ್ತಿಯಾ, ಕಟ್ಟುವುದು ಜಾಸ್ತಿಯಾ? ಕಣ್ಣು ಉರಿಯುತ್ತಾ? ಉಸಿರು ಸುಯ್ಯಂತ ಸದ್ದು ಬರುತ್ತಾ? ಕಿಡ್ನಿ ತೊಂದರೆ ಏನಾದರೂ? ಬೇರೆ ಯಾವ ಮಾತ್ರೆ? ಎಲ್ಲ ಕೇಳಿದೆ ಅಂತ ಅಂದುಕೊಂಡಿದ್ದೆ. ಒಂದು ಬಿಟ್ಟಿದ್ದೆ. ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ, ಎದ್ದರೆ ಸಲೀಸಾಗಿ ಬರುತ್ತಾ ಅಂತ ಕೇಳಲಿಲ್ಲ. ಐವತ್ತು ದಾಟಿದ ಗಂಡಸರಿಗೆ ಅಲರ್ಜಿ ಮಾತ್ರೆ ಕೊಡುವಾಗ ಕೇಳಲೇಬೇಕಾದ ಪ್ರಶ್ನೆ ಅದು. ನನಗಿಂತ ಹಿರಿಯರು, ಹೇಗೆ ಕೇಳುವುದು ಅಂತ ನಾಲಿಗೆ ಹಿಂದೆ ಸರಿಯಿತು.

ಎರಡು ವಾರ ಬಿಟ್ಟು ಫೋನ್ ಮಾಡಿದರು. ಸೀನು ನಿಂತಿದೆ, ನೀರೂ ಕಮ್ಮಿ. ಕೈ ತುರಿಕೆಯೂ ಹೋಯಿತು. ಆದರೆ ಮೂಗು ಕಟ್ಟುವುದು ಹಾಗೇ ಇದೆ. ಜೊತೆಗೆ ಬೆಳಗ್ಗೆ ಮಂಪರು. ಆರೂವರೆಗೆ ಮಸ್ಟರ್, ಅಂದರೆ ಆಳುಗಳ ಹಾಜರಿ. ಅಷ್ಟೊತ್ತಿಗೆ ತಿರುವಿನ ರಸ್ತೆಯಲ್ಲಿ ಮಂಜಿನ ನಡುವೆ ಬೈಕ್ ಓಡಿಸಬೇಕು. "ಕಣ್ಣು ತಾನಾಗೇ ಮುಚ್ಚುತ್ತೆ ಕಣಮ್ಮಾ." ಮಾತ್ರೆಯನ್ನು ಊಟಕ್ಕೆ ಮುಂಚೆ ಏಳು ಗಂಟೆಗೇ ತಗೊಳ್ಳಿ, ಇಲ್ಲವೇ ಅರ್ಧ ಮಾಡಿ ಅಂದೆ. ಮೂಗು ಕಟ್ಟುವುದಕ್ಕೆ ಡಾಕ್ಟರ್‌ಗೆ ತೋರಿಸಿ, ಸ್ಪ್ರೇ ಬೇಕಾಗುತ್ತದೆ ಅಂತಲೂ ಹೇಳಿದೆ. ಕೊಯ್ಲು ಶುರುವಾಗಿತ್ತು. ಯಾರು ಹೋಗುತ್ತಾರೆ?

ನಾನು ತರೀಕೆರೆಯಲ್ಲಿದ್ದ ದಿನ

ನವೆಂಬರ್ ಕೊನೆಯಲ್ಲಿ ತರೀಕೆರೆಯಲ್ಲಿ ಒಂದು ಮದುವೆ. ಎರಡು ದಿನ ನಾನು ಅಂಗಡಿಯಲ್ಲಿರಲಿಲ್ಲ. ಆ ಸಂಜೆ ರೈಟ್ರು ಬಂದು, ಚೆಕ್‌ರೋಲ್ ಪುಸ್ತಕದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ ಅದೇ ಹಳೆಯ ಖಾಲಿ ಶೀಟು ತೋರಿಸಿ, "ಇದೇ ಥರದ್ದು ಯಾವುದಾದ್ರೂ ಕೊಡಪ್ಪಾ" ಅಂದಿದ್ದಾರೆ. ಅಂಗಡಿಯ ಹುಡುಗ ಹಿಂಬದಿ ಓದಿದ. ಬುದ್ಧಿವಂತ ಹುಡುಗ, ಓದದೆ ಕೊಡಲಿಲ್ಲ. ಮೂರರಲ್ಲಿ ಎರಡು ಹೊಂದುವ ಇನ್ನೊಂದು ಮಾತ್ರೆ ಹುಡುಕಿದ. ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಸೆಟಿರಿಜಿನ್ ಜಾಗದಲ್ಲಿ ಕ್ಲೋರ್‌ಫೆನಿರಮಿನ್. ನಾವು ಸಿಪಿಎಂ ಅನ್ನುವುದು ಅದನ್ನೇ. ಇದು ನಿಷೇಧದ ಪಟ್ಟಿಯಲ್ಲಿಲ್ಲ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ದಿನಕ್ಕೆ ಎರಡು ಅಂತ ಹೇಳಿ ಕಳಿಸಿದ.

ಹಾಳೆಯ ಮೇಲೆ ನೋಡಿದರೆ ಇದು ತೀರಾ ತಪ್ಪೇನಲ್ಲ. ಎರಡೂ ಅಲರ್ಜಿ ಮಾತ್ರೆಯೇ. ವ್ಯತ್ಯಾಸ ಇರುವುದು ಪೀಳಿಗೆಯಲ್ಲಿ. ಸಿಪಿಎಂ ಹಳೆಯ ಕಾಲದ ಆಂಟಿಹಿಸ್ಟಮಿನ್, ಅಂದರೆ ದೇಹದಲ್ಲಿ ಅಲರ್ಜಿ ಎಬ್ಬಿಸುವ ಹಿಸ್ಟಮಿನ್ ತಡೆಯುವ ಔಷಧಿ. ಅದು ಹಿಸ್ಟಮಿನ್ ಒಂದನ್ನೇ ತಡೆಯುವುದಿಲ್ಲ. ಬಾಯಿ ಒಣಗಿಸುತ್ತದೆ, ಮಲ ಕಟ್ಟಿಸುತ್ತದೆ, ಮೂತ್ರಚೀಲದ ಸ್ನಾಯುವನ್ನು ಸಡಿಲ ಮಾಡುತ್ತದೆ. ಫಿನೈಲೆಫ್ರಿನ್ ಮೂತ್ರಚೀಲದ ಬಾಯಿಯನ್ನು ಬಿಗಿ ಮಾಡಬಲ್ಲದು. ಚೀಲ ಒತ್ತುವುದಿಲ್ಲ, ಬಾಯಿ ಬಿಡುವುದಿಲ್ಲ. ಗಂಡಸರಿಗೆ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ದಾರಿ ಮೊದಲೇ ಕಿರಿದಾಗಿದ್ದರೆ ಏನಾಗುತ್ತದೆ ಅಂತ ಊಹಿಸಿ.

ಮೂರನೇ ರಾತ್ರಿ ಅದೇ ಆಯಿತು. ಹನ್ನೊಂದು ಗಂಟೆಯಿಂದ ಒಂದು ತೊಟ್ಟೂ ಇಲ್ಲ. ಹೊಟ್ಟೆ ಕೆಳಗೆ ಕಲ್ಲಿನ ಹಾಗೆ ಗಟ್ಟಿ. ಎರಡು ಗಂಟೆಗೆ ತೋಟದ ಜೀಪಿನಲ್ಲಿ ಮಲಗಿಸಿಕೊಂಡು ಊರಿಗೆ ತಂದರು. ರಸ್ತೆಯ ಒಂದೊಂದು ಹೊಂಡಕ್ಕೂ ಅಪ್ಪ ಕೂಗುತ್ತಿದ್ದರು ಅಂತ ಮಗ ಆಮೇಲೆ ಹೇಳಿದ. ಆಸ್ಪತ್ರೆಯಲ್ಲಿ ನಳಿಕೆ ಹಾಕಿದ ಕೂಡಲೇ ಲೀಟರ್ ಹತ್ತಿರ ಬಂತಂತೆ. ಪ್ರಾಸ್ಟೇಟ್ ದೊಡ್ಡದಾಗಿದೆ ಅಂತ ಗೊತ್ತಾಗಿದ್ದು ಅಲ್ಲೇ. ರಾತ್ರಿ ಮೂರು ಮೂರು ಸಲ ಏಳುವುದು ವಯಸ್ಸಿಗೆ ಸಹಜ ಅಂತ ರೈಟ್ರು ಎರಡು ವರ್ಷದಿಂದ ಸುಮ್ಮನಿದ್ದರು.

ಮಗ ಮರುದಿನ ಅಂಗಡಿಗೆ ಬಂದ. ಕೈಯಲ್ಲಿ ನಮ್ಮದೇ ಬಿಲ್ಲು. "ಯಾರಕ್ಕಾ ಇದನ್ನ ಕೊಟ್ಟಿದ್ದು?" ಜೋರಾಗಿ ಕೇಳಲಿಲ್ಲ. ಜೋರಾಗಿ ಕೇಳಿದ್ದರೆ ವಾಸಿಯಿತ್ತು. ಹುಡುಗ ಹಿಂದೆ ರ‍್ಯಾಕ್ ಹತ್ತಿರ ನಿಂತು ಬೆವರುತ್ತಿದ್ದ. ನಮ್ಮಿಂದಲೇ ಆಯಿತು ಅಂದೆ. ಹುಡುಗನ ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕೇಳಬೇಕಿದ್ದ ಪ್ರಶ್ನೆಯನ್ನು ತಿಂಗಳ ಮುಂಚೆಯೇ ನುಂಗಿಕೊಂಡವಳು ನಾನು.

ಎರಡನೇ ಸುತ್ತು

ಆಸ್ಪತ್ರೆಯವರು ಮೂತ್ರದ ದಾರಿ ಸಡಿಲಿಸುವ ಟಾಮ್ಸುಲೊಸಿನ್ ಶುರು ಮಾಡಿ ಮೂರು ದಿನಕ್ಕೆ ನಳಿಕೆ ತೆಗೆದರು. ಮೂತ್ರ ಬಂತು. ಇನ್ನು ಮುಂದೆ ಅಂಗಡಿಯಲ್ಲಿ ಕೇಳಿ ಮಾತ್ರೆ ತಗೊಳ್ಳುವ ಹಾಗಿಲ್ಲ ಅಂತ ಮಗನೇ ಕಿವಿ, ಮೂಗು, ಗಂಟಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ಮಗನ ಜೊತೆ ನಾನೂ ಹೋಗಿದ್ದೆ. ಕರೆಯದಿದ್ದರೂ ಹೋಗುತ್ತಿದ್ದೆ.

ಡಾಕ್ಟರ್ ಮುಂದೆ ಇದ್ದ ಆಯ್ಕೆಗಳು ಕಮ್ಮಿಯೇನಲ್ಲ. ಹೊಸ ಪೀಳಿಗೆಯ ಆಂಟಿಹಿಸ್ಟಮಿನ್‌ಗಳೇ ಆರೇಳು. ಲೊರಾಟಡಿನ್, ಡೆಸ್‌ಲೊರಾಟಡಿನ್, ಲಿವೊಸೆಟಿರಿಜಿನ್, ಎಬಾಸ್ಟಿನ್, ಬಿಲಾಸ್ಟಿನ್, ಫೆಕ್ಸೊಫೆನಡಿನ್. ಲಿವೊಸೆಟಿರಿಜಿನ್ ಅಂದರೆ ಸೆಟಿರಿಜಿನ್‌ನದೇ ಅರ್ಧ ಭಾಗ, ಕನ್ನಡಿಯ ಒಂದು ಬದಿ. ಅದರ 5 ಮಿಲಿಗ್ರಾಂ ಸೆಟಿರಿಜಿನ್‌ನ 10ಕ್ಕೆ ಸಮ. ಮಂಪರು ಅನ್ನುವವರಿಗೆ ಅದರಿಂದ ಹೆಚ್ಚು ಲಾಭ ಇಲ್ಲ. ಬಿಲಾಸ್ಟಿನ್ ಖಾಲಿ ಹೊಟ್ಟೆಯಲ್ಲಿ, ತಿನ್ನುವುದಕ್ಕೆ ಒಂದು ಗಂಟೆ ಮುಂಚೆ ಇಲ್ಲವೇ ತಿಂದು ಎರಡು ಗಂಟೆ ಆದ ಮೇಲೆ ತಗೊಳ್ಳಬೇಕು. ತೋಟದಲ್ಲಿ ಒಂದು ಹೊತ್ತಿಗೆ ಸರಿಯಾಗಿ ತಿನ್ನದವರಿಗೆ ಅದು ಕಷ್ಟ. ಲಿವೊಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಸೇರಿಸಿದ್ದು ನಮ್ಮ ಊರಲ್ಲಿ ಬೇಕಾದಷ್ಟು ಓಡುತ್ತದೆ. ಆದರೆ ಮಾಂಟೆಲುಕಾಸ್ಟ್‌ನಿಂದ ಕೆಲವರಿಗೆ ಮನಸ್ಸಿನ ಮೇಲೆ ಪರಿಣಾಮ ಆಗುತ್ತದೆ ಅಂತ ಎಫ್‌ಡಿಎ 2020ರಲ್ಲಿ ತನ್ನ ಅತಿ ಗಟ್ಟಿ ಎಚ್ಚರಿಕೆ ಹಾಕಿಸಿದೆ. ಬರೀ ಮೂಗಿನ ಅಲರ್ಜಿಗೆ ಅದು ಮೊದಲ ಆಯ್ಕೆ ಆಗಬಾರದು ಅನ್ನುವುದು ನನ್ನ ಅಭಿಪ್ರಾಯ. ಡಾಕ್ಟರೂ ಅದನ್ನು ಬರೆಯಲಿಲ್ಲ.

ಬರೆದದ್ದು ಎರಡು. ಮೂಗಿಗೆ ಫ್ಲುಟಿಕಾಸೋನ್ ಸ್ಪ್ರೇ, ದಿನಾ. ಧೂಳಿನ ಕೆಲಸ ಇರುವ ದಿನ ಫೆಕ್ಸೊಫೆನಡಿನ್ 120. ಮುಖ್ಯವಾದದ್ದು ಸ್ಪ್ರೇ. ಮೂಗು ಕಟ್ಟುವುದಕ್ಕೆ ಮಾತ್ರೆಗಿಂತ ಅದು ಎಷ್ಟೋ ಮೇಲು.

ಫೆಕ್ಸೊಫೆನಡಿನ್ ಬಗ್ಗೆ ಒಂದು ಮಾತು. ಇದೂ ನಿಂತುಹೋದ ಒಂದು ಮಾತ್ರೆಯ ಮಗು. 1980ರ ದಶಕದಲ್ಲಿ ಟರ್ಫೆನಡಿನ್ ಅನ್ನುವುದು ನಿದ್ದೆ ಬರಿಸದ ಅಲರ್ಜಿ ಮಾತ್ರೆ ಅಂತ ಜಗತ್ತಿನಲ್ಲೆಲ್ಲ ಓಡಿತು. ಕೆಲವು ಔಷಧಿಗಳ ಜೊತೆ ತಗೊಂಡರೆ ಹೃದಯದ ಬಡಿತ ಕೆಡಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. 1998ರ ಹೊತ್ತಿಗೆ ಅಮೆರಿಕದಲ್ಲಿ ಅದನ್ನು ನಿಲ್ಲಿಸಿದರು. ನಮ್ಮಲ್ಲೂ ನಿಷೇಧವಾಯಿತು. ಟರ್ಫೆನಡಿನ್ ದೇಹದೊಳಗೆ ಹೋದ ಮೇಲೆ ಯಾವ ರೂಪಕ್ಕೆ ತಿರುಗಿ ಕೆಲಸ ಮಾಡುತ್ತಿತ್ತೋ ಅದೇ ಫೆಕ್ಸೊಫೆನಡಿನ್. ಹೃದಯದ ಆ ತೊಂದರೆ ಇದಕ್ಕಿಲ್ಲ. ಇದನ್ನು ರೈಟ್ರಿಗೆ ಹೇಳಿದೆ. "ಅಪ್ಪ ಪೋಲಿ, ಮಗ ಸಂಭಾವಿತ" ಅಂದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನನ್ನ ಎದುರು ನಕ್ಕಿದ್ದು ಅದೇ ಮೊದಲು.

ಹತ್ತು ದಿನ ಬಿಟ್ಟು ಬಂದು ಎರಡನ್ನೂ ಕೌಂಟರ್ ಮೇಲಿಟ್ಟರು. "ಈ ಮಾತ್ರೆ ಬರೀ ಸುಣ್ಣ. ಈ ಸ್ಪ್ರೇ ಹೊಡೆದ್ರೆ ಮೂಗಲ್ಲಿ ರಕ್ತ."

ಕೂರಿಸಿ ವಿಚಾರಿಸಿದೆ. ಬೆಳಗ್ಗೆ ಏಳುತ್ತಲೇ ಏನು ಮಾಡುತ್ತೀರಿ, ಆಮೇಲೆ ಏನು ಅಂತ ಒಂದೊಂದಾಗಿ. ಮಸ್ಟರ್ ಮುಗಿಸಿ ಬಂದು ತಿಂಡಿ. ತಿಂದ ಕೂಡಲೇ ಎದೆ ಉರಿ, ಅದಕ್ಕೆ ಗುಲಾಬಿ ಬಣ್ಣದ ಆಂಟಾಸಿಡ್ ಎರಡು ಮುಚ್ಚಳ. ಆಮೇಲೆ ಮಾತ್ರೆ. ನೀರಿನ ಬದಲು ತೋಟದ ಕಿತ್ತಳೆಯ ಜ್ಯೂಸು. ಡಿಸೆಂಬರ್ ಅಲ್ವಾ, ಕಾಫಿ ನಡುವೆ ಕಿತ್ತಳೆ ಮರಗಳು ತುಂಬಿ ನಿಂತಿದ್ದವು. ಜಗಲಿಯಲ್ಲಿ ಬುಟ್ಟಿಗಟ್ಟಲೆ ಹಣ್ಣು. ಆಸ್ಪತ್ರೆಯಿಂದ ಬಂದವರಿಗೆ ಶಕ್ತಿ ಬರಲಿ ಅಂತ ಹೆಂಡತಿ ದಿನಾ ಹಿಂಡಿ ಕೊಡುತ್ತಿದ್ದರು.

ಅಲ್ಲಿ ಸಿಕ್ಕಿತು ಗುಟ್ಟು. ಅಲ್ಯೂಮಿನಿಯಂ, ಮೆಗ್ನೀಶಿಯಂ ಇರುವ ಆಂಟಾಸಿಡ್ ಜೊತೆಗೆ ತಗೊಂಡರೆ ಫೆಕ್ಸೊಫೆನಡಿನ್ ದೇಹಕ್ಕೆ ಸೇರುವುದು ಶೇಕಡಾ 40ರಷ್ಟು ಕಮ್ಮಿಯಾಗುತ್ತದೆ. ಕಿತ್ತಳೆ, ಸೇಬು, ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ರಸಗಳೂ ಕರುಳು ಅದನ್ನು ಎಳೆದುಕೊಳ್ಳುವ ದಾರಿಗೆ ಅಡ್ಡ ಬರುತ್ತವೆ. ರೈಟ್ರು ಎರಡೂ ಬೇಲಿ ಹಾಕಿ ಮಧ್ಯದಲ್ಲಿ ಮಾತ್ರೆ ಬಿಟ್ಟಿದ್ದರು. ಮಾತ್ರೆ ನೀರಿನಲ್ಲಿ, ಮಸ್ಟರ್‌ಗೆ ಹೊರಡುವ ಮುಂಚೆ. ಆಂಟಾಸಿಡ್ ಬೇಕಾದರೆ ಎರಡು ಗಂಟೆ ಬಿಟ್ಟು. ಜ್ಯೂಸು ಸಂಜೆ. ಇಷ್ಟೇ ಬದಲಾವಣೆ. ಹೆಂಡತಿಗೆ ಫೋನ್ ಮಾಡಿ ನಾನೇ ಹೇಳಿದೆ. "ಅಯ್ಯೋ, ಹಣ್ಣಿಗೂ ದೋಷ ಬಂತಾ?" ಅಂದರು ಪಾಪ.

ಇನ್ನು ಸ್ಪ್ರೇ. ಹೇಗೆ ಹೊಡೆಯುತ್ತೀರಿ ತೋರಿಸಿ ಅಂದೆ. ತಲೆ ಹಿಂದಕ್ಕೆ ಎತ್ತಿ, ಬಲಗೈಯಲ್ಲಿ ಬಲ ಹೊಳ್ಳೆಗೆ ನೇರ ಮೇಲಕ್ಕೆ ಇಟ್ಟು, ಒತ್ತಿ, ನಶ್ಯ ಎಳೆದ ಹಾಗೆ ಜೋರಾಗಿ ಎಳೆದರು. ಔಷಧಿ ಅರ್ಧ ಗಂಟಲಿಗೆ, ಅರ್ಧ ಮೂಗಿನ ನಡುಗೋಡೆಗೆ. ರಕ್ತ ಬರದೆ ಇನ್ನೇನು? ನಾನು ಖಾಲಿ ಬಾಟಲಿ ತಗೊಂಡು ಮಾಡಿ ತೋರಿಸಿದೆ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಆಗ ತುದಿ ತಾನಾಗೇ ಕಿವಿಯ ಕಡೆ ತಿರುಗುತ್ತದೆ. ಒತ್ತುವಾಗ ಮೆಲ್ಲಗೆ ಉಸಿರು ಎಳೆದರೆ ಸಾಕು. ಮೂರು ಸಲ ಮಾಡಿಸಿದೆ. ಕೊನೆಗೆ ಅವರು, "ನಶ್ಯದ ಅಭ್ಯಾಸ ಇದ್ದೋರಿಗೆ ಇದು ಕಷ್ಟ ಕಣಮ್ಮಾ" ಅಂದರು. ಬೀಡಿ ಬಿಟ್ಟಿದ್ದು ನನಗೆ ಗೊತ್ತಿತ್ತು. ನಶ್ಯದ ವಿಷಯ ಗೊತ್ತಾಗಿದ್ದು ಅಂದೇ.

ಈ ಸ್ಪ್ರೇ ಹೊಡೆದ ಕೂಡಲೇ ಮೂಗು ಬಿಡುವುದಿಲ್ಲ. ಪೂರ್ತಿ ಗುಣ ಕಾಣಲು ವಾರ, ಕೆಲವರಿಗೆ ಎರಡು ವಾರ ಬೇಕು. ಜನ ಮೂರು ದಿನಕ್ಕೇ ಬಿಟ್ಟು, ಕೂಡಲೇ ಮೂಗು ಬಿಡಿಸುವ ಡ್ರಾಪ್ಸ್ ಕೇಳುತ್ತಾರೆ. ಕ್ಸೈಲೊಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಅವು. ಐದು ದಿನ ದಾಟಿ ಹಾಕಿದರೆ ಡ್ರಾಪ್ಸ್ ಇಲ್ಲದೆ ಮೂಗೇ ಬಿಡದ ಹಾಗೆ ಆಗುತ್ತದೆ. ರೈಟ್ರ ಬಿಪಿಗೂ ಪ್ರಾಸ್ಟೇಟ್‌ಗೂ ಅದು ಬೇಡವೇ ಬೇಡ.

ಹಲ್ಲರ್ ಪಕ್ಕದ ಮೇಜು

ಜನವರಿಯಲ್ಲಿ ಒಂದು ಭಾನುವಾರ ಮಗನೇ ತೋಟಕ್ಕೆ ಕರೆದುಕೊಂಡು ಹೋದ. ಕಣದ ತುಂಬ ಚೆರಿ, ಅಂದರೆ ಕಾಫಿ ಹಣ್ಣು, ಒಣಗುತ್ತಿತ್ತು. ಮೂಲೆಯ ಶೆಡ್ಡಿನಲ್ಲಿ ಒಂದು ಸಣ್ಣ ಹಲ್ಲರ್, ಒಣಗಿದ ಕಾಫಿಯ ಸಿಪ್ಪೆ ಬಿಡಿಸುವ ಯಂತ್ರ. ಅದು ಓಡುವಾಗ ಸಿಪ್ಪೆಯ ಕಂದು ಧೂಳು ಕಿಟಕಿಯಿಂದ ಹೊಗೆಯ ಹಾಗೆ ಹೊರಗೆ ಬರುತ್ತಿತ್ತು. ಅದೇ ಕಿಟಕಿಯ ಕೆಳಗೆ ರೈಟ್ರ ಮೇಜು. ಚೀಲ ಎಣಿಸಲು ಅನುಕೂಲ ಅಂತ ಎಷ್ಟೋ ವರ್ಷದ ಹಿಂದೆ ಯಾರೋ ಹಾಕಿದ್ದು. ಮೇಜಿನ ಮೇಲೆ ಬೆರಳು ಆಡಿಸಿದರೆ ಅಕ್ಷರ ಬರೆಯಬಹುದಿತ್ತು. ಹಿಂದೆ ಹಳೆಯ ಗೋಣಿಚೀಲದ ರಾಶಿ, ಅದಕ್ಕೆ ಒರಗಿ ಮಧ್ಯಾಹ್ನದ ನಿದ್ದೆ.

ಹುರಿಯದ ಕಾಫಿ ಬೀಜದ ಧೂಳು ಅಲರ್ಜಿ ತರುತ್ತದೆ ಅನ್ನುವುದು ಕಾಫಿ ಕಾರ್ಖಾನೆಗಳಲ್ಲಿ ಬಹಳ ಹಿಂದೆಯೇ ಕಂಡುಕೊಂಡ ವಿಷಯ. ಹರಳು (ಹರಳೆಣ್ಣೆಯ ಬೀಜ) ತುಂಬಿದ್ದ ಗೋಣಿಯನ್ನೇ ಕಾಫಿಗೆ ಬಳಸಿದರೆ ಅದರಲ್ಲಿ ಉಳಿದ ಹರಳಿನ ಪುಡಿಯೂ ಅಲರ್ಜಿ ತರಬಲ್ಲದು. ರೈಟ್ರಿಗೆ ಯಾವುದು ಅಂತ ಪರೀಕ್ಷೆ ಮಾಡಿಸಿಲ್ಲ. ಮಾಡಿಸದೆಯೂ ಮೇಜು ಎತ್ತಿ ಗಾಳಿಯ ಮೇಲ್ಬದಿಗೆ ಇಡಬಹುದಲ್ಲ? ಇಬ್ಬರು ಆಳುಗಳು ಐದು ನಿಮಿಷದಲ್ಲಿ ಇಟ್ಟರು. ಟವಲ್ ಬದಲು ಎನ್95 ಮಾಸ್ಕ್, ಅದೂ ಹಲ್ಲರ್ ಓಡುವಾಗ ಮಾತ್ರ. ಸಂಜೆ ಮನೆಗೆ ಹೋದ ಮೇಲೆ, ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಮೂಗು ತೊಳೆಯುವುದು. ಕರಿಮೆಣಸಿನ ಕಷಾಯ ಮುಂದುವರಿಸಲಾ ಅಂತ ಕೇಳಿದರು. ಕುಡಿಯಿರಿ ಅಂದೆ. ಎದೆ ಉರಿಗೆ ಅದೇ ಕಾರಣ ಇರಬಹುದು ಅಂತಲೂ ಅಂದೆ.

ಫೆಬ್ರವರಿ ಹೊತ್ತಿಗೆ ಸೀನು ದಿನಕ್ಕೆ ನಾಲ್ಕೈದಕ್ಕೆ ಇಳಿದಿತ್ತು. ಮೂಗು ರಾತ್ರಿ ಬಿಟ್ಟಿರುತ್ತಿತ್ತು. ಮೂತ್ರಕ್ಕೆ ಏಳುವುದು ಒಂದು ಸಲ. ಅದಕ್ಕೆ ಟಾಮ್ಸುಲೊಸಿನ್ ಎಷ್ಟು ಕಾರಣ, ಫಿನೈಲೆಫ್ರಿನ್ ಬಿಟ್ಟಿದ್ದು ಎಷ್ಟು ಕಾರಣ ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಖರ್ಚು ಮಾತ್ರ ಜಾಸ್ತಿಯಾಗಿದೆ. ಹಳೆಯ ಮಾತ್ರೆಯ ದುಡ್ಡಿಗೆ ಸ್ಪ್ರೇ ಬರುವುದಿಲ್ಲ. ಮಾತ್ರೆಯನ್ನಾದರೂ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ ಅಂತ ನಾನೇ ಕಳಿಸಿದೆ. ನನ್ನ ವ್ಯಾಪಾರಕ್ಕೆ ನಷ್ಟ. ಆದರೆ ಈ ಮನೆಯವರ ವಿಷಯದಲ್ಲಿ ನಾನು ಲಾಭ ನಷ್ಟ ಮಾತಾಡುವ ಹಾಗಿರಲಿಲ್ಲ.

ಆ ತುರಿಕೆ

ಡಿಸೆಂಬರ್‌ನಲ್ಲಿ ಸೆಟಿರಿಜಿನ್ ನಿಲ್ಲಿಸಿ ಫೆಕ್ಸೊಫೆನಡಿನ್‌ಗೆ ಬಂದಾಗ ಕೈ, ಬೆನ್ನು, ತೊಡೆ ಮತ್ತೆ ತುರಿಸಿತ್ತು. ಗುಳ್ಳೆ ಇಲ್ಲ, ಕೆಂಪಿಲ್ಲ. ಎರಡು ವಾರ ರಾತ್ರಿ ನಿದ್ದೆಗೆಟ್ಟು ತಾನಾಗೇ ಇಳಿಯಿತು. ಆಸ್ಪತ್ರೆಯ ಸೋಪು ಅಂದರು ಹೆಂಡತಿ. ಚಳಿಗೆ ಚರ್ಮ ಒಣಗಿದೆ ಅಂದೆ ನಾನು.

2025ರ ಮೇ ತಿಂಗಳಲ್ಲಿ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತು. ಸೆಟಿರಿಜಿನ್ ಅಥವಾ ಲಿವೊಸೆಟಿರಿಜಿನ್ ಅನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ದಿನಾ ತಗೊಂಡವರು ಹಠಾತ್ತನೆ ನಿಲ್ಲಿಸಿದರೆ, ಕೆಲವೇ ದಿನದಲ್ಲಿ ಅಪರೂಪಕ್ಕೆ ಕೆಲವರಿಗೆ ವಿಪರೀತ ತುರಿಕೆ ಬರುತ್ತದೆ ಅಂತ. ಅವರ ಲೆಕ್ಕಕ್ಕೆ ಸಿಕ್ಕಿದ್ದು 209 ಪ್ರಕರಣ. ಕೋಟಿಗಟ್ಟಲೆ ಜನ ನುಂಗುವ ಮಾತ್ರೆಗೆ ಅದು ಬಹಳ ಕಮ್ಮಿ. ಓದಿದ ಕೂಡಲೇ ನನಗೆ ನೆನಪಾದದ್ದು ಅಕ್ಟೋಬರ್‌ನ ಆ ಸಂಜೆ, ಮಾತ್ರೆ ಮುಗಿದು ನಾಲ್ಕನೇ ದಿನ ಎಡಗೈ ಕೆರೆಯುತ್ತಾ ನಿಂತ ರೈಟ್ರು. ಸೆಟಿರಿಜಿನ್ ಕೊಟ್ಟ ಮೇಲೆ ಅದು ಹೋಗಿತ್ತು. ನಿಲ್ಲಿಸಿದ ಮೇಲೆ ಮರಳಿ ಬಂದಿತ್ತು. ಅದೇ ಕಾರಣ ಅಂತ ಖಡಾಖಂಡಿತ ಹೇಳಲಾರೆ. ಚಿಗಳಿಯಂತೂ ಅಲ್ಲ. ಈಗ ಯಾರಾದರೂ ವರ್ಷಗಟ್ಟಲೆಯಿಂದ ಸೆಟಿರಿಜಿನ್ ತಗೊಳ್ಳುತ್ತಿದ್ದೇನೆ, ನಿಲ್ಲಿಸಬೇಕು ಅಂದರೆ, ಒಮ್ಮೆಲೇ ಬೇಡ, ಡಾಕ್ಟರ್‌ಗೆ ಕೇಳಿ ನಿಧಾನ ಇಳಿಸಿ ಅನ್ನುತ್ತೇನೆ.

ರೈಟ್ರಿಗೆ ಇದನ್ನು ಹೇಳಿದಾಗ ಅವರು ಆ ಹಳೆಯ ಖಾಲಿ ಶೀಟನ್ನು ಚೆಕ್‌ರೋಲ್‌ನಿಂದ ತೆಗೆದು ನನಗೇ ಕೊಟ್ಟರು. "ಇದು ನಿನ್ನ ಹತ್ರನೇ ಇರ್ಲಿ. ನಂಗೆ ಕಂಡ್ರೆ ಮತ್ತೆ ಕೇಳ್ತೀನಿ." ಈಗಲೂ ಅವರು ಫೆಕ್ಸೊಫೆನಡಿನ್ ಕೇಳುವುದು ಹಳೆಯ ಮಾತ್ರೆಯ ಹೆಸರಿನಲ್ಲೇ. ಆ ಹೆಸರು ಅವರ ಬಾಯಿಂದ ಹೋಗುವುದಿಲ್ಲ. ನನಗೆ ಅರ್ಥವಾಗುತ್ತದೆ. ನಾನಿಲ್ಲದ ದಿನಕ್ಕೆ ಬೇಕು ಅಂತ ಅಂಗಡಿಯ ಹುಡುಗ ಒಂದು ಚೀಟಿ ಬರೆದು ಸಿಪಿಎಂ ಇಡುವ ಡ್ರಾಯರಿನ ಮೇಲೆ ಅಂಟಿಸಿದ್ದಾನೆ. ಕೆಂಪು ಪೆನ್ನಿನಲ್ಲಿ ಎರಡೇ ಸಾಲು: "ಮಲ್ಲಂದೂರು ರೈಟ್ರಿಗೆ ಇದು ಬೇಡ. ಗಂಡಸರು 50 ದಾಟಿದ್ರೆ ಮೂತ್ರದ ವಿಷಯ ಕೇಳು, ನಾಚಿಕೆ ಬೇಡ."